ಕಡಿಮೆ ಖರ್ಚಿನಲ್ಲಿ ಒಳ್ಳೆಯ ರೋಡ್ ಸೈಕಲ್ ಟೈರ್: ಪದೇ ಪದೇ ಕೇಳುವ ಪ್ರಶ್ನೆಗಳು

ಟೈರ್ ಸವೆದಿದೆ, ಹೊಸದು ಬೇಕು, ಆದರೆ ಜೇಬು ನೋಡಿಕೊಂಡೇ ಕೊಳ್ಳಬೇಕು. ಹೀಗಿರುವವರಿಗಾಗಿ ಈ ಪುಟ. ದಿನವೂ ಸೈಕಲ್‌ನಲ್ಲೇ ಕೆಲಸಕ್ಕೆ ಹೋಗುವವರು, ರಜೆ ದಿನ ದೂರ ತುಳಿಯುವವರು, ಮೊದಲ ರೋಡ್ ಬೈಕ್ ಕೊಂಡವರು ಕೇಳುವ ಪ್ರಶ್ನೆಗಳೇ ಇಲ್ಲಿವೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಮಧ್ಯಮ ದರ್ಜೆಯ ಟೈರ್ ತಗೊಳ್ಳಿ, ಸೈಕಲ್‌ಗೆ ಹಿಡಿಸುವಷ್ಟು ಅಗಲದ್ದನ್ನೇ ಹಾಕಿ, ಗಾಳಿಯನ್ನು ಅಳತೆ ನೋಡಿ ತುಂಬಿ. ದುಬಾರಿ ಟೈರ್ ಕೊಡುವ ಸುಖದಲ್ಲಿ ದೊಡ್ಡ ಪಾಲು ಈ ಮೂರರಿಂದಲೇ ಸಿಗುತ್ತದೆ.

ದುಡ್ಡು ಕಡಿಮೆ ಇರುವಾಗ ಟೈರ್‌ಗೇ ಯಾಕೆ ಖರ್ಚು ಮಾಡಬೇಕು?

ಸೈಕಲ್‌ನಲ್ಲಿ ಬೇರೆ ಯಾವ ಭಾಗ ಬದಲಿಸಿದರೂ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ವ್ಯತ್ಯಾಸ ಕಾಣುವುದಿಲ್ಲ. ಟೈರ್ ಉರುಳುವಾಗ ನೆಲಕ್ಕೆ ತಾಗಿದ ಕಡೆ ಚಪ್ಪಟೆಯಾಗಿ, ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ಹೀಗೆ ಬಾಗಿ ಏಳುವಾಗಲೆಲ್ಲ ನೀವು ತುಳಿದ ಶಕ್ತಿಯಲ್ಲಿ ಒಂದಿಷ್ಟು ರಬ್ಬರ್‌ನೊಳಗೆ ಬಿಸಿಯಾಗಿ ಕಳೆದುಹೋಗುತ್ತದೆ. ರಬ್ಬರ್ ದಪ್ಪಗಿರುವ ಗಡಸು ಟೈರ್‌ನಲ್ಲಿ ಈ ನಷ್ಟ ಜಾಸ್ತಿ, ರಬ್ಬರ್ ತೆಳುವಾಗಿರುವ ಮೆತ್ತನೆಯ ಟೈರ್‌ನಲ್ಲಿ ಕಡಿಮೆ. ಗಂಟೆಗೆ 30 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ಭಾರವಾದ ಅಗ್ಗದ ಜೋಡಿಗೂ ಒಳ್ಳೆಯ ಜೋಡಿಗೂ 10ರಿಂದ 20 ವ್ಯಾಟ್ ವ್ಯತ್ಯಾಸ ಬರುವುದು ಸಾಮಾನ್ಯ. ಹವ್ಯಾಸಕ್ಕೆ ತುಳಿಯುವವರು ಒಟ್ಟು 120–150 ವ್ಯಾಟ್ ಹಾಕುತ್ತಿರುತ್ತಾರೆ. ಅದರಲ್ಲಿ ಇಷ್ಟು ಉಳಿದರೆ ಸಣ್ಣ ಮಾತಲ್ಲ. ಹಗುರ ಚಕ್ರ ಹಾಕಿಸಿ ಇಷ್ಟೇ ಲಾಭ ಪಡೆಯಲು ಹೋದರೆ ಎಷ್ಟೋ ಪಟ್ಟು ಖರ್ಚಾಗುತ್ತದೆ.

ಬ್ರೇಕ್ ಹಿಡಿದಾಗ, ತಿರುವಿನಲ್ಲಿ ವಾಲಿದಾಗ ನಿಮ್ಮನ್ನು ಹಿಡಿದುಕೊಳ್ಳುವುದೂ ಟೈರೇ. ಅದನ್ನು ವ್ಯಾಟ್‌ನಲ್ಲಿ ಅಳೆಯಲಾಗುವುದಿಲ್ಲ.

ಟೈರ್ ಪಕ್ಕದಲ್ಲಿ ಬರೆದಿರುವ ಸಂಖ್ಯೆಗಳಲ್ಲಿ ಯಾವುದನ್ನು ನೋಡಬೇಕು?

ಎರಡು ಬಗೆಯ ಸಂಖ್ಯೆಗಳಿರುತ್ತವೆ. ಒಂದು 700×25ಸಿ ಎಂಬ ಹಳೆಯ ರೂಢಿ, ಇನ್ನೊಂದು 25-622 ಎಂಬ ಅಂತರರಾಷ್ಟ್ರೀಯ ಅಳತೆ. ನೀವು ನಂಬಬೇಕಾದದ್ದು ಎರಡನೆಯದನ್ನು. 25 ಅಂದರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 622 ಅಂದರೆ ರಿಮ್ ಮೇಲೆ ಟೈರ್ ಕೂರುವ ಜಾಗದ ವ್ಯಾಸ. ಅಗಲ ಸ್ವಲ್ಪ ಹೆಚ್ಚುಕಡಿಮೆ ಆದರೂ ನಡೆಯುತ್ತದೆ, ವ್ಯಾಸ ಮಾತ್ರ ಒಂದು ಮಿಲಿಮೀಟರ್ ಕೂಡ ಆಚೀಚೆ ಆಗಬಾರದು.

ಹಳೆಯ ಸೈಕಲ್ ಇದ್ದವರು ಇಲ್ಲಿ ಎಚ್ಚರವಾಗಿರಬೇಕು. ಹಳೆಯ ರೋಡ್ ಸೈಕಲ್‌ಗಳಲ್ಲಿ ಬರುತ್ತಿದ್ದ 27 ಇಂಚಿನ ಚಕ್ರದಲ್ಲಿ ಈ ವ್ಯಾಸ 630. ನೋಡಲು 700ಸಿ ಥರವೇ ಇರುತ್ತದೆ, ಆದರೆ 622ರ ಟೈರ್ ಅದಕ್ಕೆ ಕೂರುವುದೇ ಇಲ್ಲ. ಈಗಿರುವ ಟೈರ್ ಒರೆಸಿ, ಸಂಖ್ಯೆಯ ಫೋಟೋ ತೆಗೆದುಕೊಂಡು ಹೋಗಿ.

23, 25, 28, 32... ಎಷ್ಟು ಅಗಲದ್ದು ಹಾಕಲಿ?

ಸೈಕಲ್ ಫ್ರೇಮ್ ಮತ್ತು ಬ್ರೇಕ್ ಒಪ್ಪುವುದಾದರೆ 28. ಇನ್ನೂ ಜಾಗ ಇದ್ದು ರಸ್ತೆ ಕೆಟ್ಟದಾಗಿದ್ದರೆ 30 ಅಥವಾ 32. ಫ್ರೇಮ್ ಒಪ್ಪದಿದ್ದರೆ ಮಾತ್ರ 25. ಇವತ್ತು 23 ಹುಡುಕಿಕೊಂಡು ಹೋಗಿ ಕೊಳ್ಳಲು ನನಗಂತೂ ಕಾರಣ ಕಾಣುವುದಿಲ್ಲ.

"ತೆಳು ಟೈರ್ ಓಡುತ್ತೆ, ದಪ್ಪ ಟೈರ್ ಎಳೆಯುತ್ತೆ" ಎಂಬ ಮಾತು ಇನ್ನೂ ಎಲ್ಲ ಕಡೆ ಕೇಳಿಬರುತ್ತದೆ. ಒಂದೇ ಮಾದರಿಯ ಎರಡು ಟೈರ್‌ಗಳಿಗೆ ಒಂದೇ ಒತ್ತಡದ ಗಾಳಿ ತುಂಬಿ ನೋಡಿ. ನೆಲಕ್ಕೆ ತಾಗುವ ಜಾಗದ ಒಟ್ಟು ವಿಸ್ತೀರ್ಣ ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ. ಆಕಾರ ಮಾತ್ರ ಬೇರೆ. ತೆಳು ಟೈರ್‌ನಲ್ಲಿ ಅದು ಉದ್ದುದ್ದ, ಅಗಲದ ಟೈರ್‌ನಲ್ಲಿ ಗಿಡ್ಡ ಮತ್ತು ಅಗಲ. ಗಿಡ್ಡ ಇದ್ದಷ್ಟೂ ಟೈರ್ ಬಾಗುವುದು ಕಡಿಮೆ, ಶಕ್ತಿ ಸೋರುವುದೂ ಕಡಿಮೆ. ಅಗಲದ ಟೈರ್‌ನಲ್ಲಿ ನಾವು ಗಾಳಿಯ ಒತ್ತಡ ಕಡಿಮೆ ಇಡುವುದರಿಂದ ಈ ಲಾಭದಲ್ಲಿ ಸ್ವಲ್ಪ ಹೋಗುತ್ತದೆ, ನಿಜ. ಆದರೆ ಅದಕ್ಕೆ ಬದಲಾಗಿ ಕೈ, ಸೊಂಟ, ಕುತ್ತಿಗೆಗೆ ಬೀಳುವ ಪೆಟ್ಟು ಕಡಿಮೆಯಾಗುತ್ತದೆ. ಒರಟು ರಸ್ತೆಯಲ್ಲಿ ಇಡೀ ಸೈಕಲ್ ಕುಣಿಯುವುದರಲ್ಲಿ ಹೋಗುವ ಶಕ್ತಿಯೂ ಉಳಿಯುತ್ತದೆ.

ಒಳಗಿನ ಗಾಳಿಯ ಜಾಗ ಅಗಲದ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ. 25ರಿಂದ 28ಕ್ಕೆ ಹೋದರೆ ಸುಮಾರು ಶೇಕಡ 25 ಜಾಸ್ತಿ ಗಾಳಿ. 23ರಿಂದ 28ಕ್ಕೆ ಹೋದರೆ ಹತ್ತಿರಹತ್ತಿರ ಒಂದೂವರೆ ಪಟ್ಟು. ಗುಂಡಿಗೆ ಬಿದ್ದಾಗ ಟ್ಯೂಬ್ ರಿಮ್‌ಗೆ ಬಡಿದು ಒಡೆಯುವುದನ್ನು ಈ ಹೆಚ್ಚಿನ ಗಾಳಿಯೇ ತಡೆಯುತ್ತದೆ. ಬಜೆಟ್ ಕಡಿಮೆ ಇದ್ದವರಿಗೆ ಇದು ದೊಡ್ಡ ವಿಷಯ. ಒಂದೇ ಮಾದರಿಯಲ್ಲಿ 25ಕ್ಕೂ 28ಕ್ಕೂ ಬೆಲೆ ಸಾಮಾನ್ಯವಾಗಿ ಒಂದೇ ಇರುತ್ತದೆ. ಸುಖ ಪುಕ್ಕಟೆ ಸಿಕ್ಕಹಾಗೆ.

ನನ್ನ ಸೈಕಲ್‌ಗೆ ಎಷ್ಟು ಅಗಲ ಹಿಡಿಸುತ್ತದೆ ಅಂತ ಹೇಗೆ ಗೊತ್ತಾಗುತ್ತೆ?

ಈಗಿನ ಟೈರ್‌ಗೆ ಪೂರ್ತಿ ಗಾಳಿ ತುಂಬಿಸಿ, ಕೆಳಗೆ ಕೂತು ಮೂರು ಜಾಗ ನೋಡಿ. ಮುಂದಿನ ಫೋರ್ಕಿನ ತಲೆಯ ಕೆಳಗೆ, ಬ್ರೇಕಿನ ಸೇತುವೆಯ ಕೆಳಗೆ, ಹಿಂದೆ ಪೆಡಲ್ ತಿರುಗುವ ಜಾಗದ ಹತ್ತಿರ ಫ್ರೇಮಿನ ಎರಡು ಕೊಳವೆಗಳ ನಡುವೆ. ಅಲನ್ ಕೀಗಳನ್ನೇ (ಆರು ಮೂಲೆಯ, ಎಲ್ ಆಕಾರದ ಕೀಗಳು) ಅಳತೆಗೋಲು ಮಾಡಿಕೊಳ್ಳಬಹುದು. 4 ಮಿಲಿಮೀಟರ್ ಕೀ ಟೈರಿಗೂ ಫ್ರೇಮಿಗೂ ನಡುವೆ ಸಲೀಸಾಗಿ ಓಡಾಡಬೇಕು. ಹೊಸ ಟೈರ್ ಹಾಕಿದ ಮೇಲೂ ಅಷ್ಟು ಜಾಗ ಉಳಿಯಬೇಕು. ಚಿಕ್ಕ ಕಲ್ಲೊಂದು ಟೈರ್‌ಗೆ ಅಂಟಿಕೊಂಡು ಸುತ್ತಿ ಬಂದರೆ ಫ್ರೇಮ್ ಉಜ್ಜಿಹೋಗುತ್ತದೆ. ಚಕ್ರ ಸ್ವಲ್ಪ ಓಲಾಡುತ್ತಿದ್ದರೂ ಅಷ್ಟೇ.

ಡಿಸ್ಕ್ ಬ್ರೇಕ್ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಧಾರಾಳ ಜಾಗ ಇರುತ್ತದೆ. ಹಳೆಯ ರಿಮ್ ಬ್ರೇಕ್ ಸೈಕಲ್‌ಗಳಲ್ಲಿ 25 ಅಥವಾ 28ಕ್ಕೆ ಮುಗಿಯುತ್ತದೆ. ಇನ್ನೊಂದು ವಿಷಯ: ರಿಮ್ ಒಳಗಡೆ ಅಗಲ ಇದ್ದಷ್ಟೂ ಟೈರ್ ಹರಡಿಕೊಳ್ಳುತ್ತದೆ. ಹಳೆಯ 15 ಮಿಲಿಮೀಟರ್ ರಿಮ್ ಮೇಲೆ 28ರ ಟೈರ್ ಅಳೆದರೆ 27 ಇರಬಹುದು, 21ರ ರಿಮ್ ಮೇಲೆ ಅದೇ ಟೈರ್ 30ರ ಹತ್ತಿರ ಬರಬಹುದು. ಹಾಗಾಗಿ ಬರೆದಿರುವ ಸಂಖ್ಯೆಯೊಂದನ್ನೇ ನೆಚ್ಚಿಕೊಂಡು ಗಡಿಯಂಚಿನ ಅಳತೆ ತರಬೇಡಿ.

ಎಷ್ಟು ದರ್ಜೆಗಳಿವೆ? ನನ್ನ ಬಜೆಟ್‌ಗೆ ಯಾವುದು?

ದೊಡ್ಡ ಕಂಪನಿಗಳೆಲ್ಲ ಸುಮಾರಾಗಿ ಮೂರು ಮೆಟ್ಟಿಲು ಇಟ್ಟಿರುತ್ತವೆ. ಕೆಳಗಿನದು ಹೊಸ ಸೈಕಲ್ ಜೊತೆ ಬರುವ ತಂತಿ ಅಂಚಿನ ಟೈರ್. ಮೇಲಿನದು ಕಾಂಟಿನೆಂಟಲ್ ಗ್ರ್ಯಾಂಡ್ ಪ್ರಿ 5000, ವಿಟೋರಿಯಾ ಕೊರ್ಸಾ ಥರದ ರೇಸಿಂಗ್ ಟೈರ್. ನಡುವೆ ಇರುವುದು ತರಬೇತಿಗೆ, ದಿನಬಳಕೆಗೆ ಅಂತ ಮಾಡಿದ್ದು. ವಿಟೋರಿಯಾದಲ್ಲಿ ಝಫೀರೋ ಪ್ರೊ ಕೆಳಗಿನ ಕಡೆಗಿದ್ದರೆ ರುಬಿನೋ ಪ್ರೊ ನಡುವಿನದು. ಕಾಂಟಿನೆಂಟಲ್‌ನಲ್ಲಿ ಅಲ್ಟ್ರಾ ಸ್ಪೋರ್ಟ್ ಅಗ್ಗದ್ದಾದರೂ ಮರ್ಯಾದಸ್ತ ಟೈರ್. ಶ್ವಾಲ್ಬೆಯ ಲುಗಾನೋ, ಮಿಶೆಲಿನ್‌ನ ಡೈನಾಮಿಕ್ ಸ್ಪೋರ್ಟ್ ಕೂಡ ಕಡಿಮೆ ಬೆಲೆಯ ಸಾಲಿನಲ್ಲೇ ಬರುತ್ತವೆ.

ಕೆಳಗಿನ ಮೆಟ್ಟಿಲಿನಿಂದ ನಡುವಿನದಕ್ಕೆ ಹತ್ತಿದಾಗ ಸಿಗುವ ಲಾಭ ಬಹಳ. ನಡುವಿನಿಂದ ಮೇಲಿನದಕ್ಕೆ ಹೋದಾಗ ಲಾಭ ಇದೆ, ಆದರೆ ಬೆಲೆ ಏರಿದಷ್ಟು ಲಾಭ ಏರುವುದಿಲ್ಲ, ಜೊತೆಗೆ ಟೈರ್ ಬೇಗ ಸವೆಯುತ್ತದೆ. ಒಂದು ಟೈರಿನ ಬೆಲೆ ನೋಡುವ ಬದಲು ಅದು ಓಡುವ ಕಿಲೋಮೀಟರ್‌ಗೆ ಭಾಗಿಸಿ ನೋಡಿ. ತೀರಾ ಅಗ್ಗದ ಟೈರ್ ಕೂಡ ಈ ಲೆಕ್ಕದಲ್ಲಿ ಕೆಲವೊಮ್ಮೆ ದುಬಾರಿಯೇ. ಪಂಕ್ಚರ್ ಆಗಿ ಹಾಳಾದ ಟ್ಯೂಬ್‌ಗಳ ಖರ್ಚನ್ನೂ ಸೇರಿಸಿಕೊಳ್ಳಿ.

ಹೋದ ವರ್ಷದ ಮಾದರಿ, ಹಿಂದಿನ ಆವೃತ್ತಿ ರಿಯಾಯಿತಿಯಲ್ಲಿ ಸಿಕ್ಕರೆ ಕಣ್ಣುಮುಚ್ಚಿ ತಗೊಳ್ಳಿ. ಹೊಸ ಆವೃತ್ತಿ ಬಂದ ಮಾತ್ರಕ್ಕೆ ಹಳೆಯ ಒಳ್ಳೆಯ ಟೈರ್ ಕೆಟ್ಟದ್ದಾಗುವುದಿಲ್ಲ ಅಲ್ವಾ?

ತಂತಿ ಅಂಚಿನದಾ, ಮಡಚುವ ಟೈರಾ?

ಟೈರಿನ ಅಂಚಿನಲ್ಲಿ ಉಕ್ಕಿನ ತಂತಿ ಇದ್ದರೆ ಅದು ಮಡಚಲು ಬರುವುದಿಲ್ಲ. ಅರಾಮಿಡ್ ಎಂಬ ಗಟ್ಟಿ ಕೃತಕ ನೂಲಿನ ಅಂಚಿದ್ದರೆ ಮಡಚಿ ಡಬ್ಬಿಯಲ್ಲಿಡಬಹುದು. ಒಂದೇ ಮಾದರಿಯಲ್ಲಿ ಎರಡಕ್ಕೂ ಸುಮಾರು 50 ಗ್ರಾಂ ಅಥವಾ ತುಸು ಹೆಚ್ಚಿನ ತೂಕದ ವ್ಯತ್ಯಾಸ. ತೂಕ ಅಷ್ಟು ಮುಖ್ಯ ಅಲ್ಲ. ಆದರೆ ಒಂದೇ ಹೆಸರಿನಲ್ಲಿ ಬರುವ ಮಡಚುವ ಟೈರ್‌ಗೆ ಕಂಪನಿಗಳು ಎಷ್ಟೋ ಸಲ ಮೆತ್ತನೆಯ ಒಳಬಟ್ಟೆ ಮತ್ತು ಒಳ್ಳೆಯ ರಬ್ಬರ್ ಕೊಟ್ಟಿರುತ್ತವೆ. ಹೆಚ್ಚಿನ ಬೆಲೆ ಕೊಡುವುದಾದರೆ ಅದಕ್ಕಾಗಿ ಕೊಡಿ.

ಟಿಪಿಐ ಜಾಸ್ತಿ ಇದ್ದಷ್ಟೂ ಒಳ್ಳೆಯದಾ?

ರಬ್ಬರ್ ಒಳಗಿನ ಬಟ್ಟೆಯಲ್ಲಿ ಒಂದು ಇಂಚಿಗೆ ಎಷ್ಟು ನೂಲೆಳೆ ಇವೆ ಎಂಬುದೇ ಈ ಸಂಖ್ಯೆ. 60ರ ಬಟ್ಟೆ ಒರಟು ಮತ್ತು ಗಟ್ಟಿ, 120ರ ಬಟ್ಟೆ ತೆಳು ಮತ್ತು ಮೆತ್ತಗೆ. ಸಾಮಾನ್ಯವಾಗಿ ಜಾಸ್ತಿ ಇದ್ದರೆ ಸವಾರಿ ಸುಖ. ಆದರೆ ಒಂದು ಪೆಟ್ಟಿಗೆ ಮೇಲೆ 330 ಅಂತ ಕಂಡರೆ ಬೆರಗಾಗಬೇಡಿ. ಕೆಲವು ಕಂಪನಿಗಳು 110ರ ಮೂರು ಪದರಗಳನ್ನು ಕೂಡಿಸಿ ಆ ಸಂಖ್ಯೆ ಬರೆಯುತ್ತವೆ. ಬೇರೆ ಬೇರೆ ಕಂಪನಿಗಳ ಟಿಪಿಐ ಪಕ್ಕಪಕ್ಕ ಇಟ್ಟು ಹೋಲಿಸುವುದು ಸುಮ್ನೆ.

ಅದಕ್ಕಿಂತ ಟೈರನ್ನು ಕೈಯಲ್ಲಿ ಹಿಡಿಯಿರಿ. ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಅನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಂಡಿ ನೋಡಿ. ಸುಲಭವಾಗಿ ಮಡಿಕೆ ಬಿದ್ದರೆ ಅದು ರಸ್ತೆಯ ಮೇಲೂ ಸುಲಭವಾಗಿ ಉರುಳುತ್ತದೆ.

ಪಂಕ್ಚರ್ ಆಗದ ಟೈರ್ ಬೇಕು. ಯಾವುದಿದೆ?

ಗಾಳಿ ತುಂಬುವ ಟೈರ್‌ಗಳಲ್ಲಿ ಅಂಥದ್ದು ಇಲ್ಲ. ಕಡಿಮೆ ಪಂಕ್ಚರ್ ಆಗುವ ಟೈರ್ ಇವೆ. ಅವುಗಳಲ್ಲಿ ಟ್ರೆಡ್ (ನೆಲಕ್ಕೆ ತಾಗುವ ರಬ್ಬರ್) ಕೆಳಗೆ ನೈಲಾನ್, ಪಾಲಿಯೆಸ್ಟರ್, ಅರಾಮಿಡ್ ಅಥವಾ ವೆಕ್ಟ್ರಾನ್ ಥರದ ಗಟ್ಟಿ ನೂಲಿನ ಪಟ್ಟಿಯನ್ನೋ ರಬ್ಬರ್ ಪದರವನ್ನೋ ಹಾಕಿರುತ್ತಾರೆ. ಕಾಂಟಿನೆಂಟಲ್ ಗೇಟರ್‌ಸ್ಕಿನ್, ಶ್ವಾಲ್ಬೆ ಡ್ಯುರಾನೋ ಪ್ಲಸ್ ಇಂಥವು. ಶ್ವಾಲ್ಬೆ ಮ್ಯಾರಥಾನ್ ಪ್ಲಸ್‌ನಲ್ಲಂತೂ 5 ಮಿಲಿಮೀಟರ್ ದಪ್ಪದ ರಬ್ಬರ್ ಪದರವೇ ಇದೆ.

ಆದರೆ ಈ ರಕ್ಷಣೆಗೆ ಬೆಲೆ ತೆರಬೇಕು. ದಪ್ಪ ಟೈರ್ ನಿಧಾನ, ಸವಾರಿ ಗಡಸು, ಕೆಲವು ಒದ್ದೆ ರಸ್ತೆಯಲ್ಲಿ ಅಷ್ಟು ಭರವಸೆ ಕೊಡುವುದಿಲ್ಲ. ನಿಮ್ಮ ದಾರಿಯಲ್ಲಿ ಗಾಜು, ಮುಳ್ಳು, ತಂತಿಯ ಚೂರು ದಿನವೂ ಸಿಗುತ್ತದೆ, ತಡವಾದರೆ ಕೆಲಸಕ್ಕೆ ತೊಂದರೆ ಅನ್ನುವುದಾದರೆ ಗಟ್ಟಿ ಟೈರೇ ಸರಿ. ಬರೀ ರಜೆ ದಿನದ ಸವಾರಿಗೆ ನಡುವಿನ ಟೈರ್‌ನಲ್ಲಿರುವ ಪಟ್ಟಿ ಸಾಕು.

ಮೊದಲು ಪಂಕ್ಚರ್ ಯಾವ ಬಗೆಯದು ಅಂತ ನೋಡಿಕೊಳ್ಳಿ. ಟ್ಯೂಬ್‌ನಲ್ಲಿ ಅಕ್ಕಪಕ್ಕ ಎರಡು ತೂತು ಇದ್ದರೆ ಅದು ಗಾಳಿ ಕಡಿಮೆಯಾಗಿ ರಿಮ್‌ಗೆ ಬಡಿದದ್ದು. ತೂತು ರಿಮ್ ಕಡೆ ಇದ್ದರೆ ರಿಮ್ ಟೇಪ್ ಜಾರಿ ಸ್ಪೋಕ್ ರಂಧ್ರದ ಅಂಚು ಕೊರೆದಿದೆ. ಇವೆರಡಕ್ಕೂ ಹೊಸ ಟೈರ್ ಪರಿಹಾರವೇ ಅಲ್ಲ. ಹೊರಗಡೆ ಒಂದೇ ಒಂದು ಸಣ್ಣ ತೂತು ಇದ್ದರೆ ಮಾತ್ರ ಮುಳ್ಳೋ ಗಾಜೋ ಚುಚ್ಚಿದೆ ಅಂತ ಅರ್ಥ.

ಮಳೆಯಲ್ಲಿ ನುಣ್ಣಗಿರುವ ಟೈರ್ ಜಾರುವುದಿಲ್ಲವಾ?

ಕಾರಿನ ಟೈರ್ ನೋಡಿ ಬಂದ ಭಯ ಇದು. ಕಾರಿನ ಟೈರ್ ಅಗಲ, ಚಪ್ಪಟೆ, ಗಾಳಿಯ ಒತ್ತಡ ಕಡಿಮೆ. ಅದರಡಿ ನೀರು ಸಿಕ್ಕಿಕೊಂಡು ಕಾರು ತೇಲಬಹುದು. ಸೈಕಲ್ ಟೈರ್ ಕಿರಿದು, ದುಂಡಗೆ, ಒತ್ತಡ ಜಾಸ್ತಿ. ನಾವು ತುಳಿಯುವ ವೇಗದಲ್ಲಿ ಅದು ನೀರನ್ನು ಪಕ್ಕಕ್ಕೆ ತಳ್ಳಿ ನೆಲ ಹಿಡಿಯುತ್ತದೆ. ಡಾಂಬರು ರಸ್ತೆಯಲ್ಲಿ ಟೈರ್ ಮೇಲಿನ ಗೆರೆಗಳಿಂದ ಏನೂ ಲಾಭವಿಲ್ಲ. ಹಿಡಿತ ಬರುವುದು ರಬ್ಬರ್‌ನ ಗುಣದಿಂದ ಮತ್ತು ಸರಿಯಾದ ಒತ್ತಡದಿಂದ. ಮಳೆಯಲ್ಲಿ ನಾಲ್ಕೈದು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ಕಡಿಮೆ ಮಾಡಿದರೆ ಒಳ್ಳೆಯದು. ರಸ್ತೆಯ ಬಿಳಿ ಪಟ್ಟಿ, ಕಬ್ಬಿಣದ ಮುಚ್ಚಳಗಳ ಮೇಲೆ ಯಾವ ಟೈರೂ ಜಾರುತ್ತದೆ. ಅಲ್ಲಿ ತಿರುಗಿಸಬೇಡಿ, ಬ್ರೇಕ್ ಹಿಡಿಯಬೇಡಿ.

ಗಾಳಿ ಎಷ್ಟು ತುಂಬಬೇಕು?

ಇಡೀ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನೇ ಓದಿ. ಒಳ್ಳೆಯ ಟೈರ್‌ಗೆ ತಪ್ಪು ಗಾಳಿ ಹಾಕಿದರೆ ಕೊಟ್ಟ ದುಡ್ಡು ನೀರಿಗೆ ಹಾಕಿದ ಹಾಗೆ. ಸಾಧಾರಣ ಟೈರ್ ಕೂಡ ಸರಿಯಾದ ಗಾಳಿಯಲ್ಲಿ ಚೆನ್ನಾಗಿ ಓಡುತ್ತದೆ.

ಟೈರ್ ಪಕ್ಕದಲ್ಲಿ ಬರೆದಿರುವುದು ಗರಿಷ್ಠ ಮಿತಿ. ಅಷ್ಟು ತುಂಬಿ ಅನ್ನುವ ಸಲಹೆ ಅಲ್ಲ. ಕಲ್ಲಿನಂತೆ ಗಟ್ಟಿಯಾದ ಟೈರ್ ವೇಗವಾಗಿದೆ ಅನ್ನಿಸುತ್ತದೆ, ಯಾಕೆಂದರೆ ಸೈಕಲ್ ಗಡಗಡ ನಡುಗುತ್ತಿರುತ್ತದೆ. ಆ ನಡುಕಕ್ಕೆ ಹೋಗುತ್ತಿರುವುದು ನಿಮ್ಮ ಶಕ್ತಿಯೇ. ಒತ್ತಡ ಏರಿಸುತ್ತ ಹೋದರೆ ಒಂದು ಹಂತದವರೆಗೆ ಉರುಳುವುದು ಸುಲಭವಾಗುತ್ತದೆ, ಆ ಹಂತ ದಾಟಿದರೆ ಮತ್ತೆ ಕಷ್ಟವಾಗುತ್ತದೆ. ರಸ್ತೆ ಒರಟಾದಷ್ಟೂ ಆ ಹಂತ ಕೆಳಗೆ ಬರುತ್ತದೆ.

ಶುರು ಮಾಡಲು ಒಂದು ಅಂದಾಜು: ಸವಾರರು, ಸೈಕಲ್ ಸೇರಿ ಸುಮಾರು 80 ಕಿಲೋ ಇದ್ದರೆ ಹಿಂದಿನ ಚಕ್ರಕ್ಕೆ 25ರ ಟೈರ್‌ನಲ್ಲಿ 80–85 ಪಿಎಸ್‌ಐ, 28ರಲ್ಲಿ 68–75, 32ರಲ್ಲಿ 55–60. ಮುಂದಿನದಕ್ಕೆ ನಾಲ್ಕೈದು ಕಡಿಮೆ, ಯಾಕೆಂದರೆ ಭಾರ ಹಿಂದೆ ಜಾಸ್ತಿ ಬೀಳುತ್ತದೆ. ತೂಕ ಹೆಚ್ಚಿದ್ದರೆ ಏರಿಸಿ, ಕಡಿಮೆ ಇದ್ದರೆ ಇಳಿಸಿ. ಒಂದೇ ದಾರಿಯಲ್ಲಿ ಪ್ರತಿಸಲ ಮೂರು ಪಿಎಸ್‌ಐ ಇಳಿಸುತ್ತ ಹೋಗಿ. ತಿರುವಿನಲ್ಲಿ ಟೈರ್ ತೊಳಲಾಡಿದ ಹಾಗೆ ಆದರೆ, ಅಥವಾ ಹಳ್ಳದಲ್ಲಿ ರಿಮ್ ನೆಲಕ್ಕೆ ತಾಗಿದ ಸದ್ದು ಬಂದರೆ, ಅಲ್ಲಿಂದ ಐದು ಏರಿಸಿ. ಅದೇ ನಿಮ್ಮ ಸಂಖ್ಯೆ. ಬರೆದಿಟ್ಟುಕೊಳ್ಳಿ. ಪಂಪ್ ಮೀಟರಿನಲ್ಲಿ ಬಾರ್ ಇದ್ದರೆ, 1 ಬಾರ್ ಅಂದರೆ ಸುಮಾರು 14.5 ಪಿಎಸ್‌ಐ.

ಹೆಬ್ಬೆರಳಿನಲ್ಲಿ ಒತ್ತಿ ನೋಡುವುದು ಸಾಲದು. 70 ಮತ್ತು 90ರ ವ್ಯತ್ಯಾಸ ಬೆರಳಿಗೆ ತಿಳಿಯುವುದಿಲ್ಲ. ಮೀಟರ್ ಇರುವ, ನಿಲ್ಲಿಸಿ ತುಳಿದು ಹಿಡಿಯುವ ಪಂಪ್ ಇಲ್ಲದಿದ್ದರೆ ಟೈರ್ ಬಜೆಟ್‌ನಲ್ಲೇ ಸ್ವಲ್ಪ ಉಳಿಸಿ ಅದನ್ನು ಮೊದಲು ತಗೊಳ್ಳಿ. ಒಂದು ಮೆಟ್ಟಿಲು ಕೆಳಗಿನ ಟೈರ್ ತಗೊಂಡರೂ ಪರವಾಗಿಲ್ಲ. ಇದನ್ನು ಖಂಡಿತವಾಗಿ ಹೇಳುತ್ತೇನೆ.

ಟ್ಯೂಬ್ ಬದಲಿಸಿದರೆ ಏನಾದರೂ ಲಾಭ ಇದೆಯಾ?

ಮಾಮೂಲಿ ಬ್ಯೂಟೈಲ್ ರಬ್ಬರ್ ಟ್ಯೂಬ್ ಅಗ್ಗ, ಬಾಳಿಕೆ ಬರುತ್ತದೆ, ತೇಪೆ ಹಾಕಲು ಸುಲಭ. ಲೇಟೆಕ್ಸ್ ಟ್ಯೂಬ್ ಕೆಲವು ವ್ಯಾಟ್ ಉಳಿಸುತ್ತದೆ, ಆದರೆ ರಾತ್ರಿ ಕಳೆಯುವಷ್ಟರಲ್ಲಿ ಗಾಳಿ ಇಳಿಯುತ್ತದೆ, ಸವಾರಿಗೆ ಮುಂಚೆ ಪ್ರತಿಸಲ ತುಂಬಬೇಕು. ಟಿಪಿಯು ಎಂಬ ಮೆತ್ತನೆಯ ಪ್ಲಾಸ್ಟಿಕ್‌ನ ಟ್ಯೂಬ್ ಬಹಳ ಹಗುರ, ಮಡಚಿದರೆ ಅಂಗೈಯಲ್ಲಿ ಹಿಡಿಯುತ್ತದೆ. ಚಕ್ರದಲ್ಲಿ ಬ್ಯೂಟೈಲ್ ಇಟ್ಟು, ಸೀಟಿನ ಚೀಲದಲ್ಲಿ ಒಂದು ಟಿಪಿಯು ಇಡುವುದು ಒಳ್ಳೆಯ ಏರ್ಪಾಡು. ಟ್ಯೂಬ್ ಮೇಲೂ ಅಗಲದ ಮಿತಿ ಬರೆದಿರುತ್ತದೆ. ಟೈರ್ ಅಗಲ ಬದಲಿಸಿದಾಗ ಅದನ್ನೂ ನೋಡಿ.

ಟ್ಯೂಬ್‌ಲೆಸ್‌ಗೆ ಹೋಗಲಾ?

ಈ ಬಜೆಟ್‌ನಲ್ಲಿ 25, 28ರ ಟೈರ್‌ಗೆ ಬೇಡ ಅನ್ನುತ್ತೇನೆ. ಟೈರ್, ಟೇಪ್, ವಾಲ್ವ್, ಸೀಲೆಂಟ್ (ತೂತು ಮುಚ್ಚುವ ದ್ರವ) ಎಲ್ಲ ಸೇರಿ ಖರ್ಚು ಬೆಳೆಯುತ್ತದೆ. ಸೀಲೆಂಟ್ ಒಣಗುವುದರಿಂದ ಕೆಲವು ತಿಂಗಳಿಗೊಮ್ಮೆ ಮತ್ತೆ ಹಾಕಬೇಕು. 32 ಅಥವಾ ಅದಕ್ಕಿಂತ ಅಗಲದ ಟೈರ್, ಮುಳ್ಳಿನ ದಾರಿ, ರಿಮ್ ಈಗಾಗಲೇ ಟ್ಯೂಬ್‌ಲೆಸ್‌ಗೆ ತಯಾರಿದೆ ಅಂದರೆ ಆಗ ಯೋಚಿಸಬಹುದು.

ನಿಮ್ಮ ರಿಮ್ ಹುಕ್‌ಲೆಸ್ (ಟೈರಿನ ಅಂಚನ್ನು ಹಿಡಿಯುವ ಕೊಕ್ಕೆ ಇಲ್ಲದ್ದು) ಆಗಿದ್ದರೆ ಮಾತ್ರ ವಿಶೇಷ ಎಚ್ಚರಿಕೆ. ಅದಕ್ಕೆ ಸರಿಹೊಂದುತ್ತದೆ ಅಂತ ಕಂಪನಿ ಹೇಳಿರುವ ಟ್ಯೂಬ್‌ಲೆಸ್ ಟೈರ್ ಮಾತ್ರ ಹಾಕಬೇಕು, ಒಳಗೆ ಟ್ಯೂಬ್ ಹಾಕಿದರೂ ಸರಿಯೇ. ಒತ್ತಡ 5 ಬಾರ್, ಅಂದರೆ 72.5 ಪಿಎಸ್‌ಐ ಮೀರುವಂತಿಲ್ಲ. ಇಲ್ಲಿ ದುಡ್ಡು ಉಳಿಸಲು ಹೋಗಿ ಸಿಕ್ಕಿದ ಟೈರ್ ಹಾಕಿದರೆ ಅದು ರಿಮ್‌ನಿಂದ ಕಳಚಿ ಹಾರಬಹುದು.

ಈಗ ಒಂದೇ ಟೈರ್‌ಗೆ ದುಡ್ಡಿದೆ. ಮುಂದಕ್ಕಾ, ಹಿಂದಕ್ಕಾ?

ಹೊಸದು ಯಾವಾಗಲೂ ಮುಂದಕ್ಕೆ. ಹಿಂದಿನ ಟೈರ್ ಬೇಗ ಸವೆಯುತ್ತದೆ, ಭಾರವೂ ಅದರ ಮೇಲೆ, ಪೆಡಲಿನ ಬಲವೂ ಅದರ ಮೂಲಕ. ಹಾಗಾಗಿ ಹಿಂದಿನದು ಸವೆದಾಗ ಅದನ್ನು ಬಿಸಾಕಿ, ಮುಂದಿದ್ದುದನ್ನು ಹಿಂದಕ್ಕೆ ಹಾಕಿ, ಹೊಸದನ್ನು ಮುಂದೆ ಹಾಕಿ. ಸವೆದ ಹಿಂದಿನ ಟೈರನ್ನು ಮುಂದಕ್ಕೆ ತರುವುದು ಮಾತ್ರ ಬೇಡವೇ ಬೇಡ. ಹಿಂದಿನ ಟೈರ್ ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ನೇರ ನೆಲಕ್ಕೆ.

ಟೈರ್ ಮುಗಿಯಿತು ಅಂತ ಯಾವಾಗ ತಿಳಿಯಬೇಕು?

ಹಿಂದಿನ ಟೈರಿನ ನಡುಭಾಗ ದುಂಡಗಿರುವುದು ಬಿಟ್ಟು ಚಪ್ಪಟೆಯಾಗಿದ್ದರೆ ದಿನ ಹತ್ತಿರ ಬಂದಿದೆ. ರಬ್ಬರ್ ಸವೆದು ಒಳಗಿನ ಬಟ್ಟೆಯ ಎಳೆ ಕಂಡರೆ ಅವತ್ತೇ ಬದಲಿಸಿ. ಸೈಡ್‌ವಾಲ್ ಉಬ್ಬಿದ್ದರೂ ಹಾಗೇ. ಕೆಲವು ಟೈರ್‌ಗಳ ನಡುವೆ ಸವೆತ ತೋರಿಸುವ ಪುಟ್ಟ ಗುಳಿಗಳಿರುತ್ತವೆ. ಅವು ಮಾಯವಾದರೆ ಟೈರ್ ಮುಗಿಯಿತು. ಹಗುರ ರೇಸಿಂಗ್ ಟೈರ್ ಹಿಂದಿನ ಚಕ್ರದಲ್ಲಿ ಸುಮಾರು 3000ದಿಂದ 5000 ಕಿಲೋಮೀಟರ್ ಬರುತ್ತದೆ. ಗಟ್ಟಿ ಟೈರ್ ಇದಕ್ಕಿಂತ ಎಷ್ಟೋ ಹೆಚ್ಚು ಓಡುತ್ತದೆ.

ಮೇಲ್ಮೈಯ ಸಣ್ಣಪುಟ್ಟ ಗೀರುಗಳಿಗೆ ಹೆದರಬೇಕಿಲ್ಲ. ಗಾಳಿ ಸ್ವಲ್ಪ ಇಳಿಸಿ ಗೀರನ್ನು ಬಿಡಿಸಿ ನೋಡಿ, ಗಾಜಿನ ಚೂರು ಕೂತಿದ್ದರೆ ಸೂಜಿಯಿಂದ ತೆಗೆಯಿರಿ. ಚೂರು ಅಲ್ಲೇ ಇದ್ದರೆ ಪ್ರತಿ ಸುತ್ತಿಗೂ ಒಳಗೊಳಗೆ ಇಳಿಯುತ್ತದೆ. ವಾರಕ್ಕೊಮ್ಮೆ ಹೀಗೆ ನೋಡುವವರ ಟೈರ್ ನಿಜಕ್ಕೂ ಜಾಸ್ತಿ ದಿನ ಬರುತ್ತದೆ.

ಬೇರೆಯವರು ಬಳಸಿದ ಟೈರ್ ಕೊಳ್ಳಬಹುದಾ?

ಸೈಡ್‌ವಾಲ್ ಬಿರುಕು ಬಿಟ್ಟಿರದೆ, ನಡುಭಾಗ ದುಂಡಗಿದ್ದರೆ ಹಿಂದಿನ ಚಕ್ರಕ್ಕೆ ಕೊಳ್ಳಬಹುದು. ಒಳಗಡೆ ಕೈಯಾಡಿಸಿ ಸೀಳು ಇದೆಯಾ ನೋಡಿ. ಮುಂದಿನ ಚಕ್ರಕ್ಕೆ ಬೇಡ.

ನಾನೇ ಟೈರ್ ಹಾಕಿಕೊಳ್ಳಬಹುದಾ? ಕೊನೆಯ ಸ್ವಲ್ಪ ಭಾಗ ಒಳಗೆ ಹೋಗುವುದೇ ಇಲ್ಲ!

ಖಂಡಿತ ಹಾಕಬಹುದು, ಕೂಲಿಯೂ ಉಳಿಯುತ್ತದೆ. ರಿಮ್ ನಡುವೆ ಒಂದು ಕಾಲುವೆ ಇರುತ್ತದೆ, ಅಲ್ಲಿ ವ್ಯಾಸ ಕಡಿಮೆ. ಟೈರಿನ ಅಂಚು ಆ ಕಾಲುವೆಗೆ ಇಳಿದರೆ ಇನ್ನೊಂದು ಕಡೆ ಸಡಿಲ ಸಿಗುತ್ತದೆ. ಗುಟ್ಟು ಇಷ್ಟೇ. ಟ್ಯೂಬ್‌ಗೆ ಆಕಾರ ಬರುವಷ್ಟು ಮಾತ್ರ ಗಾಳಿ ಊದಿ. ಎರಡನೆಯ ಅಂಚನ್ನು ವಾಲ್ವ್‌ನ ಎದುರು ಭಾಗದಿಂದ ಶುರುಮಾಡಿ ವಾಲ್ವ್ ಹತ್ತಿರ ಮುಗಿಸಿ. ಕೊನೆಯಲ್ಲಿ ಬಿಗಿಯಾದರೆ ಎದುರು ಭಾಗಕ್ಕೆ ಹೋಗಿ ಅಂಚನ್ನು ಹಿಂಡಿ ಕಾಲುವೆಗೆ ಇಳಿಸುತ್ತಾ, ಎರಡೂ ಕೈಯಿಂದ ಸಡಿಲವನ್ನು ವಾಲ್ವ್ ಕಡೆ ಎಳೆದುಕೊಂಡು ಬನ್ನಿ. ಆಮೇಲೆ ಅಂಗೈಯ ಬುಡದಿಂದ ಒತ್ತಿ ಒಳಗೆ ಉರುಳಿಸಿ. ಈ ಹಂತದಲ್ಲಿ ಲಿವರ್ ಹಾಕಿ ಮೀಟಿದರೆ ಟ್ಯೂಬ್ ಕಚ್ಚಿಹೋಗುವ ಅಪಾಯ ಜಾಸ್ತಿ.

ಗಾಳಿ ತುಂಬುವ ಮುಂಚೆ ವಾಲ್ವನ್ನು ಒಮ್ಮೆ ಒಳಗೆ ತಳ್ಳಿ ಬಿಡಿ. ಟೈರನ್ನು ಪಕ್ಕಕ್ಕೆ ಸರಿಸಿ ಸುತ್ತಲೂ ಟ್ಯೂಬ್ ಇಣುಕುತ್ತಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಟೈರಿನ ಹೆಸರು ವಾಲ್ವ್ ಪಕ್ಕಕ್ಕೇ ಬರುವ ಹಾಗೆ ಕೂರಿಸಿ. ಮುಂದೆ ಪಂಕ್ಚರ್ ಆದಾಗ ಟ್ಯೂಬ್‌ನ ತೂತು ವಾಲ್ವ್‌ನಿಂದ ಎಷ್ಟು ದೂರ ಇದೆಯೋ, ಟೈರಿನಲ್ಲಿ ಹೆಸರಿನಿಂದ ಅಷ್ಟೇ ದೂರದಲ್ಲಿ ಮುಳ್ಳು ಇರುತ್ತದೆ. ಹುಡುಕಾಟ ಅರ್ಧ ಮುಗಿದ ಹಾಗೆ.

ಟೈರ್ ತಿರುಗುವ ದಿಕ್ಕು ತೋರಿಸುವ ಬಾಣದ ಗುರುತು ಉಲ್ಟಾ ಆದರೆ?

ಡಾಂಬರು ರಸ್ತೆಯ ಟೈರ್‌ನಲ್ಲಿ ನಿಮಗೆ ಏನೂ ಗೊತ್ತಾಗುವುದಿಲ್ಲ. ಮುಂದಿನ ಸಲ ಬಿಚ್ಚಿದಾಗ ಸರಿ ಮಾಡಿ.

ಬದಲಿ ಟೈರ್ ಒಂದನ್ನು ತಂದಿಟ್ಟುಕೊಳ್ಳಬಹುದಾ?

ರಿಯಾಯಿತಿಯಲ್ಲಿ ಸಿಕ್ಕಾಗ ತಂದಿಡುವುದು ಜಾಣತನ. ಬಿಸಿಲು, ಬಿಸಿ ಮತ್ತು ಓಝೋನ್ ರಬ್ಬರ್‌ಗೆ ಶತ್ರುಗಳು. ಕತ್ತಲಿನ, ತಂಪಾದ ಜಾಗದಲ್ಲಿ, ಮೋಟಾರ್ ಓಡುವ ಯಂತ್ರಗಳಿಂದ ದೂರ ಇಡಿ. ಮಡಚುವ ಟೈರನ್ನು ಬಿಗಿಯಾಗಿ ಸುತ್ತಿಡದೆ ಸಡಿಲವಾಗಿ ಇಟ್ಟರೆ ಸಾಕು. ಬಹಳ ದಿನ ಓಡಿಸದ ಸೈಕಲನ್ನು ಗಾಳಿ ಇಲ್ಲದ ಟೈರ್ ಮೇಲೆ ನಿಲ್ಲಿಸಬೇಡಿ, ಮಡಿಕೆ ಬಿದ್ದ ಜಾಗದಲ್ಲೇ ಸೈಡ್‌ವಾಲ್ ಬಿರಿಯುತ್ತದೆ.